ಸದಾನಂದಣ್ಣನ ಸಾಕೆ ಬಟ್ಟಲುಗಳು

ಬಿಳಿ ಪಿಂಗಾಣಿ ಬಟ್ಟಲಿನ ಒಳತಳದಲ್ಲಿ ಎರಡು ನೀಲಿ ಬಳೆಗಳು, ಒಂದರೊಳಗೆ ಒಂದು. ಹೊರಗಿನ ಬಳೆಯ ಬಣ್ಣ ಒಂದು ಕಡೆ ಕೂದಲೆಳೆಯಷ್ಟು ಹರಿದಿದೆ. ಸದಾನಂದಣ್ಣ ಅಂಥ ಬಟ್ಟಲಿಗೆ ಒಂದು ಚಮಚ ಗಂಜಿತಿಳಿ ಹಾಕಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಕೇಳುತ್ತಿದ್ದರು: "ಬಳೆ ಕಾಣ್ತಾ?"

ಪೂರ್ತಿ ಕಂಡರೆ ಗಂಜಿಗೆ ನೀರು ಹೆಚ್ಚು. ಏನೂ ಕಾಣದಿದ್ದರೆ ಗಟ್ಟಿ. ಮಂಜಿನಲ್ಲಿ ಎದುರು ಬರುವ ಸೈಕಲ್ಲಿನ ದೀಪದಂತೆ ಕಂಡರೆ ಹದ.

ಅವು ಗಂಜಿಯ ಬಟ್ಟಲುಗಳಲ್ಲ. ಜಪಾನಿನಲ್ಲಿ ಸಾಕೆ ಎಂಬ ಅಕ್ಕಿಯ ಮದ್ಯ ತಯಾರಿಸುವವರು ಅದರ ತಿಳಿಯನ್ನು ಪರೀಕ್ಷಿಸಲು ಬಳಸುವ ಬಟ್ಟಲುಗಳು. ಸದಾನಂದಣ್ಣನ ಕಪಾಟಿನಲ್ಲಿ ಒಂಬತ್ತು ಇದ್ದವು. ಒಂದೊಂದೂ ಒಂದೊಂದು ಊರಿನ ಸಾಕೆ ಮನೆಯಲ್ಲಿ ಕೊಂಡದ್ದು. ಅವರ ಮನೆಯಲ್ಲಿ ಮದ್ಯ ಮಾತ್ರ ಒಂದು ಹನಿಯೂ ಇರಲಿಲ್ಲ.

ವಿದೇಶದಲ್ಲಿ ನಾನಿರುವ ಲುಂಡ್ ಊರಿನ ವಿಶ್ವವಿದ್ಯಾಲಯದ ನಮ್ಮ ವಿಭಾಗದಲ್ಲಿ ಸೂಕ್ಷ್ಮದರ್ಶಕಗಳನ್ನು ರಿಪೇರಿ ಮಾಡುತ್ತಿದ್ದವರು ಅವರು. ಕುಂದಾಪುರದ ಕಡೆಯವರು. ಬೆಂಗಳೂರು, ಮೈಸೂರಿನವರ ಮುಂದೆ ತಮ್ಮ ಮಾತಿಗೆ ಇಸ್ತ್ರಿ ಹಾಕಿಕೊಂಡೇ ಮಾತಾಡುತ್ತಿದ್ದರು. ವಿದ್ಯಾರ್ಥಿಗಳಿಂದ ಹಿಡಿದು ನಿವೃತ್ತರವರೆಗೆ ಎಲ್ಲರಿಗೂ ಅವರು ಅಣ್ಣ. ನನ್ನ ಪರಿಚಯವಾದ ಎರಡನೆಯ ದಿನವೇ, ಲೆನ್ಸ್ ಒರೆಸುತ್ತ, ಹವಾಮಾನ ಹೇಳಿದಷ್ಟು ಸಹಜವಾಗಿ ಹೇಳಿದರು: "ನಾನು ಕುಡುಕ. ಈಗ ಕುಡಿಯೂದಿಲ್ಲ. ಎರಡೂ ಸತ್ಯ. ಬೇರೆಯವರು ಹೇಳುವ ಮುಂಚೆ ನಾನೇ ಹೇಳಿಬಿಡುವುದು ಲಾಯ್ಕು." ನನ್ನ ಬಗ್ಗೆ ಯಾರಿಗೂ ಏನನ್ನೂ ಹೇಳಿಕೊಳ್ಳದ ನಾನು "ಸರಿ" ಎಂದೆ. ಅದು ಅವರಿಗೆ ಇಷ್ಟವಾಯಿತಂತೆ.

ಸೂಕ್ಷ್ಮದರ್ಶಕದ ತರಬೇತಿಗೆ ಆಗಾಗ ಜಪಾನಿಗೆ ಹೋಗುತ್ತಿದ್ದರು. ಕುಡಿತ ಬಿಟ್ಟ ಮೇಲೂ ಜೊತೆಯವರು ರಜಾದಿನ ಸಾಕೆ ಮನೆ ನೋಡಲು ಹೊರಟರೆ ತಾವೂ ಹೊರಡುತ್ತಿದ್ದರು. ರುಚಿಗೆಂದು ಸುರಿದುಕೊಟ್ಟದ್ದನ್ನು ಕೈಮುಗಿದು ನಿರಾಕರಿಸಿ, ಅಂಗಡಿಗೆ ಹೋಗಿ ಒಂದು ಖಾಲಿ ಬಟ್ಟಲು ಕೊಳ್ಳುತ್ತಿದ್ದರು. "ಹೆದರಿ ರೂಮಿನಲ್ಲಿ ಕೂತ್ರೆ ಅದು ಗೆದ್ದ ಹಾಗೆ ಅಲ್ವಾ ಮಾರಾಯ್ತಿ? ಇದು ನನ್ನ ಹಾಜರಿ. ಹೋದೆ, ಕಂಡೆ, ಕುಡಿಯದೆ ಬಂದೆ."

ಪ್ರತಿ ಶನಿವಾರ ಎರಡು ಗಂಟೆಗೆ ಅವರ ಮನೆಯಲ್ಲಿ ಕುಚ್ಚಲಕ್ಕಿ ಗಂಜಿ. ಯಾರು ಬೇಕಾದರೂ ಹೋಗಬಹುದಿತ್ತು, ಆದರೆ ಬೇಗ ಎದ್ದರೆ ಬಿಡುತ್ತಿರಲಿಲ್ಲ. "ಎಂತ ಅರ್ಜೆಂಟು? ಮೂರು ಗಂಟೆ ಆಗ್ಲಿ." ಇದರ ಕಾರಣ ನನಗೆ ಹೊಳೆಯಲು ಒಂದು ಚಳಿಗಾಲ ಬೇಕಾಯಿತು. ಇಲ್ಲಿ ಮದ್ಯ ಮಾರುವುದು ಸರ್ಕಾರಿ ಅಂಗಡಿ ಮಾತ್ರ, ಅದು ಶನಿವಾರ ಮೂರಕ್ಕೆ ಮುಚ್ಚುತ್ತದೆ. ಮತ್ತೆ ತೆರೆಯುವುದು ಸೋಮವಾರ. ಗಡಿಯಾರ ಮೂರು ದಾಟಿತೆಂದರೆ ಅವರ ಭುಜಗಳು ಒಂದಿಂಚು ಕೆಳಗಿಳಿಯುತ್ತಿದ್ದವು.

ಅವರಿಗೆ ಬೇಕಾಗಿದ್ದದ್ದು ಒಂದೇ. ಹತ್ತಿರದ ಊರು ಮಾಲ್ಮೋದಲ್ಲಿರುವ ಮಗಳು ಶ್ವೇತಾ ಚಿಕ್ಕವಳಿದ್ದಾಗ ಇವರು ಕುಡಿದು ಅವಳ ಡಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ, ಎರಡು ಗಂಟೆ ತಡವಾಗಿ ಹೋಗಿದ್ದರು. ಟೀಚರ್ ಮಗುವಿಗೆ ಕೋಟು ಹಾಕಿಸಿ ಬಾಗಿಲಲ್ಲಿ ಕೂರಿಸಿಕೊಂಡು ಕಾದಿದ್ದರು. ಆ ಮಗು ಈಗ ತಾಯಿ. ತನ್ನ ಮಗಳು, ನಾಲ್ಕು ವರ್ಷದ ಮೀರಾಳನ್ನು ಈ ಅಜ್ಜನ ಜೊತೆ ಒಂಟಿಯಾಗಿ ಬಿಟ್ಟದ್ದೇ ಇಲ್ಲ. "ಒಂದು ದಿನ, ಒಂದೇ ಒಂದು ದಿನ, ಆ ಮಗುವನ್ನು ಡಾಗಿಸ್‌ನಿಂದ ನಾನು ಕರ್ಕೊಂಡು ಬರಬೇಕು" ಎನ್ನುತ್ತಿದ್ದರು.

ಕಳೆದ ಶರತ್ಕಾಲದಲ್ಲಿ ಒಂದು ಪ್ರಯೋಗಕ್ಕಾಗಿ ನಾನು ಎರಡು ವಾರ ಜಪಾನಿಗೆ ಹೊರಟೆ. ಅಷ್ಟರಲ್ಲಿ ಅವರು ನಿವೃತ್ತರಾಗಿದ್ದರು. "ಇನ್ನು ನನಗೆ ಅಲ್ಲಿ ಕೆಲಸ ಇಲ್ಲ. ಹತ್ತನೆಯದ್ದು ನೀನು ತಾ. ಬಾಟ್ಲಿ ಬೇಡ, ಬಟ್ಟಲು ಸಾಕು."

ಲ್ಯಾಬಿನಿಂದ ಎರಡು ನಿಲ್ದಾಣ ಆಚೆ ಒಂದು ಹಳೆಯ ಸಾಕೆ ಮನೆಯಿತ್ತು. ಬಾಗಿಲ ಮೇಲೆ ದೇವದಾರಿನ ಎಲೆಗಳ ದೊಡ್ಡ ಚೆಂಡು ತೂಗುತ್ತಿತ್ತು. ಹೊಸ ಸಾಕೆ ಬಂದಾಗ ಹಸಿರಾಗಿ ಕಟ್ಟಿದ್ದು, ಈಗ ಒಣಗಿ ಕಂದು. ಅಂಗಡಿಯಲ್ಲಿ ಮರದ ಚೌಕ ಪೆಟ್ಟಿಗೆಯಂಥ ಲೋಟಗಳು, ಸಾಕೆ ಮನೆಯ ಹೆಸರಿದ್ದ ನೀಲಿ ಏಪ್ರನ್‌ಗಳು. ನಾನು ಬಟ್ಟಲು ಆರಿಸಿದೆ. ಪಕ್ಕದಲ್ಲಿ ಪೊಟ್ಟಣ ಕಟ್ಟಿದ ಉಪ್ಪಿನಕಾಯಿ ಕಂಡಿತು, ಬೆಲ್ಲದ ಬಣ್ಣದ ಸೌತೆಯ ತುಂಡುಗಳು. ಗಂಜಿ ಉಣ್ಣುವ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಉಂಟೆ? ಅಳತೆ ತಪ್ಪದಿರುವುದೇ ನನ್ನ ಕೆಲಸ. ಆದರೂ ಜಪಾನಿ ಲೇಬಲ್ಲಿಗೆ ಫೋನು ಹಿಡಿದು ಅನುವಾದ ಓದಬೇಕೆಂದು ಹೊಳೆಯಲೇ ಇಲ್ಲ.

ನಾನು ಮರಳಿದ ಶನಿವಾರ ಶ್ವೇತಾ ಮೊದಲ ಬಾರಿ ಗಂಜಿಗೆ ಬಂದಿದ್ದಳು, ಮೀರಾಳ ಜೊತೆ. ಕಪಾಟನ್ನು ನೋಡಿ ಅವಳ ಮುಖ ಬಿಗಿದುಕೊಂಡಿತು.

"ಕುಡಿಯೋದು ಬಿಟ್ಟೋರ ಮನೇಲಿ ಇಷ್ಟೊಂದು ಸಾಕೆ ಕಪ್ ಯಾಕಪ್ಪಾ?"

"ಗಂಜಿಗೆ."

"ಸೀರಿಯಸ್ಲಿ, ಅಪ್ಪಾ?"

ಮಾತು ತಿರುಗಿಸಲೆಂದು ನಾನು ಅವಸರದಲ್ಲಿ ಪೊಟ್ಟಣ ಕತ್ತರಿಸಿ ಉಪ್ಪಿನಕಾಯಿಯನ್ನು ತಟ್ಟೆಗೆ ಹಾಕಿದೆ. ಮೀರಾ ಕೈ ಚಾಚಿದಳು. "ಹೋಯ್, ಮುಟ್ಬೇಡ!" ಎಂದು ಸದಾನಂದಣ್ಣ ತಟ್ಟೆ ಎಳೆದುಕೊಂಡರು. ಇಸ್ತ್ರಿಯೆಲ್ಲ ಕಳಚಿತ್ತು. "ಇದ್ರಗೆ ಶರಾಬಿನ ವಾಸ್ನೆ."

"ಅಣ್ಣಾ, ಅದು ಉಪ್ಪಿನಕಾಯಿ."

"ಉಪ್ಪಿನಕಾಯಿಯೇ. ಹಾಕಿಟ್ಟದ್ದು ಎಂತದ್ರಲ್ಲಿ ಕಾಣು."

ಫೋನು ಹಿಡಿದೆ. ಸಾಕೆ ಹಿಂಡಿದ ಮೇಲೆ ಉಳಿಯುವ ಅಕ್ಕಿಯ ಗಷ್ಟಿನಲ್ಲಿ ತಿಂಗಳುಗಟ್ಟಲೆ ಊರಿಸಿದ್ದು, ಮದ್ಯಾಂಶವಿದೆ ಎಂದಿತ್ತು. ಅದನ್ನು ಓದಿ ಹೇಳಿದೆ.

ಅವರು ತಟ್ಟೆ ಬಿಟ್ಟಿರಲಿಲ್ಲ. ಗಡಿಯಾರ ನೋಡಿದರು. ಎರಡೂ ನಲವತ್ತು. ಆಮೇಲೆ ತಟ್ಟೆಯನ್ನು ಮಗಳ ಕೈಗಿಟ್ಟರು. "ಶ್ವೇತಾ, ಇದನ್ನು ಕೆಳಗೆ ಕಸಕ್ಕೆ ನೀನೇ ಹಾಕಿ ಬಾ. ನಾನು ತಗೊಂಡು ಹೋದ್ರೆ ಮೆಟ್ಟಿಲ ಮೇಲೆ ಎಂತ ಮಾಡ್ತೇನೋ, ನನಗೇ ಧೈರ್ಯ ಇಲ್ಲ."

ಅವಳು ತಟ್ಟೆ ಹಿಡಿದು ಎದ್ದಳು. ಹೋದಳು, ಬಂದಳು, ಕೈ ತೊಳೆದಳು. "ಇನ್ನೊಂದು ಸೌಟು ಗಂಜಿ ಹಾಕಿ" ಎಂದಳು. ಕಪಾಟಿನಿಂದ ತಾನೇ ಒಂದು ಬಟ್ಟಲು ಇಳಿಸಿ ಮಗಳ ಮುಂದಿಟ್ಟಳು. ಮೂರಾಗುವವರೆಗೆ ಯಾರೂ ಏಳಲಿಲ್ಲ.

ಹೊರಡುವಾಗ ಬೂಟಿನ ಲೇಸು ಕಟ್ಟುತ್ತ, ತಲೆಯೆತ್ತದೆ ಹೇಳಿದಳು: "ಮಂಗಳವಾರ ನನಗೆ ಮೀಟಿಂಗ್ ಇದೆ. ಮೀರಾನ ನಾಲ್ಕಕ್ಕೆ ಕರ್ಕೊಂಡು ಬರ್ಬೇಕು. ನಾಲ್ಕೂ ಐದಕ್ಕಲ್ಲ ಅಪ್ಪಾ, ನಾಲ್ಕಕ್ಕೆ."

"ಮೂರಕ್ಕೇ ಗೇಟಲ್ಲಿರ್ತೇನೆ."

ಎರಡಕ್ಕೇ ಹೋಗಿ ನಿಂತಿದ್ದರೆಂದು ಆಮೇಲೆ ತಿಳಿಯಿತು.

ಈ ವಸಂತದಲ್ಲಿ ಅವರು ಮಾಲ್ಮೋಗೆ ಮನೆ ಬದಲಿಸಿದರು, ಡಾಗಿಸ್‌ಗೆ ನಡೆದು ಹೋಗುವಷ್ಟು ಹತ್ತಿರ. ಸಾಮಾನು ಕಟ್ಟಲು ಶುಕ್ರವಾರ ಸಂಜೆ ನಾನೂ ಹೋಗಿದ್ದೆ. ಒಂಬತ್ತು ಬಟ್ಟಲುಗಳನ್ನು ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗಿಟ್ಟೆವು. ಹತ್ತನೆಯದನ್ನು, ನಾನು ತಂದದ್ದನ್ನು, ಅವರು ನನ್ನ ಚೀಲಕ್ಕೆ ಹಾಕಿದರು.

"ಉಪ್ಪಿನಕಾಯಿ ತಂದವಳಿಗೆ ಶಿಕ್ಷೆ. ಇನ್ನು ಶನಿವಾರದ ಗಂಜಿ ನಿನ್ನದು."

"ನಮ್ಮನೆಗೆ ಯಾರೂ ಬರಲ್ಲ ಅಣ್ಣಾ."

"ಕರೆದು ಕಂಡಿದ್ದೀಯಾ?" ಎಂದರು. ಬಾಗಿಲವರೆಗೆ ಬಂದು ಮೆಲ್ಲಗೆ ಸೇರಿಸಿದರು: "ಯಾರಿಗೆ ಮೂರು ಗಂಟೆ ದಾಟೂದು ಕಷ್ಟ ಅಂತ ಮುಖ ನೋಡಿ ಗೊತ್ತಾಗೂದಿಲ್ಲ. ಎಲ್ಲರನ್ನೂ ಕೂರಿಸ್ಬೇಕು."

ಮರುದಿನ ಬೆಳಿಗ್ಗೆ ಕುಚ್ಚಲಕ್ಕಿ ತೊಳೆದು ಒಲೆಯ ಮೇಲಿಟ್ಟೆ. ಬೆಂದ ಮೇಲೆ ಒಂದು ಚಮಚ ತಿಳಿಯನ್ನು ಬಟ್ಟಲಿಗೆ ಹಾಕಿ ಕಿಟಕಿಗೆ ಹಿಡಿದೆ. ಬಳೆಗಳೆರಡೂ ಸ್ಪಷ್ಟವಾಗಿ ಕಂಡವು, ಹರಿದ ಬಣ್ಣದ ಎಳೆಯೂ ಸೇರಿ. ನೀರು ಹೆಚ್ಚಾಗಿತ್ತು. ಉರಿ ಸಣ್ಣ ಮಾಡಿ ಮತ್ತೆ ಕುದಿಯಲು ಬಿಟ್ಟೆ. ಆಮೇಲೆ ನಮ್ಮ ಲುಂಡ್ ಕನ್ನಡಿಗರ ಗುಂಪಿಗೆ, ನಾನು ಈವರೆಗೆ ಒಂದಕ್ಷರವನ್ನೂ ಬರೆಯದ ಗುಂಪಿಗೆ, ಬರೆದೆ: "ಇವತ್ತು ಎರಡಕ್ಕೆ ಗಂಜಿ, ನಮ್ಮ ಮನೆಯಲ್ಲಿ. ಮೂರರವರೆಗೆ ಇರಬೇಕು."