ಕಂಪ್ಯೂಟರ್ ಲ್ಯಾಬಿನಲ್ಲಿ ಹಿತಕವರೆ

ಮೊನ್ನೆ ಸೊಗಡವರೆ ಸುಲಿದು, ಕೈ ತೊಳೆದುಕೊಂಡು, ಹಳೇ ಚಾಳಿಯಂತೆ ಬೆರಳು ಮೂಸಿ ನೋಡಿಕೊಂಡೆ. ಸೋಪು ಹಾಕಿ ಉಜ್ಜಿದ್ದರೂ ಆ ಸೊಗಡು ಬಿಟ್ಟಿರಲಿಲ್ಲ. ಬೇರೆಯವರಿಗೆ ಈ ವಾಸನೆ ಬಂದರೆ ಸಾರು, ಉಪ್ಪಿಟ್ಟು, ಅಕ್ಕಿ ರೊಟ್ಟಿ ನೆನಪಾಗುತ್ತವೆ. ನನಗೆ ಕಂಪ್ಯೂಟರ್ ನೆನಪಾಗುತ್ತದೆ. ನಗಬೇಡಿ, ನಿಜವಾಗಿಯೂ! ಕಪ್ಪು ಪರದೆ, ಅದರ ಮೇಲೆ ಮಿಣಮಿಣ ಎನ್ನುವ ಹಸಿರು ಅಕ್ಷರ, ಪಕ್ಕದಲ್ಲಿ ಸ್ಟೀಲ್ ಬೇಸಿನ್ನಿನ ತುಂಬ ನೆನೆಸಿದ ಅವರೆಕಾಳು... ಮತ್ತು ನಮ್ಮ ಲ್ಯಾಬ್ ಸರ್.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಶಿಡ್ಲಘಟ್ಟದಲ್ಲಿ ನಮ್ಮಪ್ಪ ರೇಷ್ಮೆ ನೂಲು ತೆಗೆಸುತ್ತಿದ್ದರು. ನಾನು ದಿನವೂ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿ ಬಿ.ಎಸ್ಸಿ. ಓದುತ್ತಿದ್ದೆ. ಕಾಲೇಜಿಗೆ ಹೊಸದಾಗಿ ಕಂಪ್ಯೂಟರ್ ವಿಭಾಗ ಬಂದಿತ್ತು. ವಿಭಾಗವೆಂದರೆ ಒಂದು ಕೊಠಡಿ, ಬೆರಳೆಣಿಕೆಯ ಯಂತ್ರಗಳು, ಅವುಗಳಿಗೆ ಹೂವಿನ ಚಿತ್ರದ ಬಟ್ಟೆಯ ಹೊದಿಕೆ. ಚಪ್ಪಲಿ ಬಾಗಿಲಾಚೆ ಬಿಟ್ಟೇ ಒಳಗೆ ಹೋಗಬೇಕು. ನಮ್ಮ ಮನೆಯ ದೇವರ ಕೋಣೆಗೂ ಅಷ್ಟು ಮಡಿ ಇರಲಿಲ್ಲ. ಪಾಠ ಮಾಡಲು ಇದ್ದವರು ಸರ್ ಒಬ್ಬರೇ. ಓದಿದ್ದು ಗಣಿತ, ಕಂಪ್ಯೂಟರನ್ನು ತಾವೇ ತಡಕಾಡಿ ಕಲಿತವರು. ತೆಳ್ಳಗಿನ ಮನುಷ್ಯ, ತೋಳು ಅರ್ಧಕ್ಕೆ ಮಡಿಚಿದ ಶರ್ಟು, ಮುಖದಲ್ಲಿ ಯಾವಾಗಲೂ ಏನೋ ಕೀಟಲೆ.

ನಾನು ಮೊದಲ ವರ್ಷದಲ್ಲಿದ್ದಾಗ ನಮ್ಮ ತರಗತಿಯ ಮುಕ್ಕಾಲು ಪಾಲು ಜನ ಪ್ರಾಕ್ಟಿಕಲ್ಲಿನಲ್ಲಿ ಡುಮ್ಕಿ ಹೊಡೆದಿದ್ದರು. ನಾವು ಎರಡನೇ ವರ್ಷಕ್ಕೆ ಬಂದ ಕೂಡಲೇ ಪ್ರಿನ್ಸಿಪಾಲರು ಸರ್‌ಗೆ ನಮ್ಮೆದುರೇ ಹೇಳಿಬಿಟ್ಟಿದ್ದರು: "ನೋಡ್ರೀ, ಈ ವರ್ಷ ಹೊಸ ಹುಡುಗರೂ ಹಿಂಗೇ ಮಕಾಡೆ ಮಲಗಿದ್ರೆ ನಿಮ್ಮ ಲ್ಯಾಬಿಗೆ ಬೀಗ. ಎಲ್ಲಾರ್ನೂ ಕೆಮಿಸ್ಟ್ರಿಗೆ ಹಾಕ್ತೀನಿ." ಪಾಸಾದವಳಾದರೂ ಬೀಗ ಬಿದ್ದರೆ ನಾನೂ ಕೆಮಿಸ್ಟ್ರಿಗೇ. ಆ ಹಸಿರು ಅಕ್ಷರಗಳನ್ನು ನಾನು ಪ್ರೀತಿಸುತ್ತಿದ್ದೆ, ಇದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ.

ಆಗ ಸರ್ ಹೂಡಿದ ಉಪಾಯವೇ ನಾವು. ಪಾಸಾಗಿದ್ದ ಐದಾರು ಜನರನ್ನು ಕರೆದು, ಮೊದಲ ವರ್ಷದವರಿಗೆ ಲ್ಯಾಬಿನಲ್ಲಿ ನೀವೇ ಹೇಳಿಕೊಡಿ ಎಂದರು. ಅಯ್ಯೋ, ನಮ್ಮ ಜಂಬ ಕೇಳಬೇಕೆ! ಅದರಲ್ಲೂ ನನ್ನದು. ನಾನು ಮಾತಿನಲ್ಲೂ ಚುರುಕು, ಕೈಯಲ್ಲೂ ಚುರುಕು. ನನ್ನ ಪಾಲಿಗೆ ಬಂದವರಲ್ಲಿ ಮಂಡಿಕಲ್ ಕಡೆಯ ಹುಡುಗಿಯೊಬ್ಬಳಿದ್ದಳು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಕಂಪ್ಯೂಟರಿನ ಮುಂದೆ ಮಾತ್ರ ಮೌನ. ಕೀಬೋರ್ಡ್ ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂಬಂತೆ ಬೆರಳು ಎತ್ತಿಕೊಂಡೇ ಕೂರುತ್ತಿದ್ದಳು. "ಅಕ್ಕಾ, ನೀವೇ ಒತ್ಬಿಡ್ರಕ್ಕ," ಎನ್ನುವಳು. ನಾನು ಟಕಟಕನೆ ಒತ್ತಿ, "ನೋಡಿದ್ಯಾ? ಅಷ್ಟೇ ಕಣೇ," ಎನ್ನುವೆ. ಅವಳು ತಲೆಯಾಡಿಸುವಳು. ಪಾಠ ಎಷ್ಟು ಸಲೀಸಾಗಿ ನಡೆಯುತ್ತಿದೆ ಎಂದು ನಾನು ಬೀಗುತ್ತಿದ್ದೆ.

ಸರ್‌ದೊಂದು ಪದ್ಧತಿಯಿತ್ತು. ಯಾವ ಪ್ರೋಗ್ರಾಮ್ ಬರೆದರೂ ಅದು ಮೊದಲ ಸಾಲಿನಲ್ಲಿ ಬರೆದವರ ಊರನ್ನು ಪರದೆಯ ಮೇಲೆ ತೋರಿಸಬೇಕು. ಕಾಲೇಜಿನ ಮೊದಲ ಟೆಸ್ಟ್ ನಡೆಯಿತು. ಸರ್ ಒಂದೊಂದೇ ಪರದೆ ನೋಡುತ್ತ ಬಂದರು. ನನ್ನ ಪಾಲಿನ ಹುಡುಗರೆಲ್ಲರ ಪರದೆಯ ಮೇಲೂ ಒಂದೇ ಊರು: ಶಿಡ್ಲಘಟ್ಟ. ಅಲೀಪುರದ ಹುಡುಗನೊಬ್ಬ ನನ್ನ ಹಾಗೇ ಹೇಳಿಕೊಡುತ್ತಿದ್ದ. ಅವನ ಕಡೆಯವರೆಲ್ಲ ಅಲೀಪುರದವರು! ನಾವು ಒತ್ತಿದ್ದನ್ನು ಕಂಡವರು ಊರಿನ ಸಮೇತ ಬಾಯಿಪಾಠ ಮಾಡಿಬಿಟ್ಟಿದ್ದರು. ಪ್ರೋಗ್ರಾಮಿನಲ್ಲಿ ಒಂದು ಅಂಕಿ ಬದಲಾಯಿಸಿ ಎಂದರೆ ಎಲ್ಲರೂ ಕಕ್ಕಾಬಿಕ್ಕಿ.

ಸರ್ ಮಂಡಿಕಲ್ ಹುಡುಗಿಯ ಪಕ್ಕ ನಿಂತು, "ಏನಮ್ಮಾ, ಮನೆಮಠ ಎತ್ಕೊಂಡು ಯಾವಾಗ ಬಂದ್ರಿ ಶಿಡ್ಲಘಟ್ಟಕ್ಕೆ? ಒಂದು ಮಾತು ಹೇಳ್ಬಾರ್ದಾ?" ಎಂದರು. ಲ್ಯಾಬೆಲ್ಲ ಗೊಳ್ಳೆಂದಿತು. ಅವಳೂ ನಕ್ಕಳು, ಆದರೆ ಕಣ್ಣು ತುಂಬಿತ್ತು. ಸರ್ ನನ್ನ ಕಡೆ ತಿರುಗಿದರು. ಬೈಯಲಿಲ್ಲ. "ನಾಳೆಯಿಂದ ನಿಮಗೆ ಟ್ರೈನಿಂಗು," ಎಂದರಷ್ಟೇ.

ಮರುದಿನ ಸರ್ ಬಂದದ್ದು ಮುಚ್ಚಳ ಹಾಕಿದ ಬೇಸಿನ್ನೊಂದಿಗೆ. ಒಳಗೆ ರಾತ್ರಿಯಿಡೀ ನೆನೆದ ಅವರೆಕಾಳು! ಪುಷ್ಯ ಮಾಸ, ಚಿಕ್ಕಬಳ್ಳಾಪುರದ ಸಂತೆ ತುಂಬ ಅವರೆಕಾಯಿಯ ರಾಶಿ ಬೀಳುವ ಕಾಲ. "ನಮ್ಮಮ್ಮಂಗೆ ಕಣ್ಣು ಮಂಜು, ಹಿತಕೋಕಾಗಲ್ಲ. ನಿಮಗೆ ಕೈ ಸುಮ್ನಿರಲ್ಲ. ಇಬ್ಬರ ಕಷ್ಟಾನೂ ತೀರ್ತು," ಎಂದು ಒಬ್ಬೊಬ್ಬರ ಮಡಿಲಿಗೂ ಒಂದೊಂದು ಬಟ್ಟಲು ಇಟ್ಟರು. ಹೇಳಿಕೊಡುವಷ್ಟು ಹೊತ್ತೂ ಕಾಳು ಹಿತಕುತ್ತಿರಬೇಕು, ಎಂದರೆ ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆ ಹೊರಡಿಸುತ್ತಿರಬೇಕು. ಒದ್ದೆ ಕೈಯಲ್ಲಿ ಯಂತ್ರ ಮುಟ್ಟಿದರೆ ಗತಿ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಹುಡುಗರು ಸಿಕ್ಕಿಕೊಂಡಾಗ ನಾವು ಕೇಳಬಹುದಾದದ್ದು ಎರಡೇ ಪ್ರಶ್ನೆ: ಏನಾಗಬೇಕಿತ್ತು? ಏನಾಯ್ತು? ಕೇಳಿದ ಮೇಲೆ ಒಂದು ಹಿಡಿ ಕಾಳು ಹಿತಕಿ ಮುಗಿಯುವವರೆಗೂ ತುಟಿಪಿಟಕ್ ಎನ್ನುವಂತಿಲ್ಲ. ನಮ್ಮನ್ನು ಪಳಗಿಸಲು ಸರ್ ತಾವೇ ಮೊದಲ ವರ್ಷದ ಹುಡುಗನಾಗಿ ಕೂತರು. "ಅಕ್ಕಾ, ನಂಗೇನೂ ತಿಳೀತಾನೇ ಇಲ್ಲ," ಎಂದು ಅವರು ನನ್ನೆದುರು ಮೂತಿ ಉದ್ದ ಮಾಡಿದ್ದು ನೆನೆದರೆ ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತೇನೆ. ಬೇಕೆಂದೇ ತಪ್ಪು ಒತ್ತುವರು. ನಾನು ಚಡಪಡಿಸಿ ಕೈ ಎತ್ತಿದರೆ ಕಾಳಿನ ನೀರು ಮೊಣಕೈವರೆಗೂ ಇಳಿಯುತ್ತಿತ್ತು. "ಹಿತಕಮ್ಮಾ, ಹಿತಕು. ಬೇಳೆ ಬರ್ಲಿ, ಆಮೇಲೆ ಮಾತು ಬರ್ಲಿ," ಎನ್ನುವರು.

ಮಂಡಿಕಲ್ ಹುಡುಗಿಯ ಜೊತೆ ಮೊದಲ ದಿನ ಕೂತಾಗ ನನಗೆ ಜೀವ ಹೋದಂತಾಯಿತು. ಅವಳ ಪ್ರೋಗ್ರಾಮ್ ಒಂದರಿಂದ ಹತ್ತರವರೆಗೆ ಅಂಕಿ ತೋರಿಸಬೇಕಿತ್ತು. ಪರದೆಯ ಮೇಲೆ ಒಂದು, ಒಂದು, ಒಂದು ಎಂದು ಮಳೆ ಹೊಯ್ದಂತೆ ಸುರಿಯುತ್ತಿದೆ.

"ಅಕ್ಕಾ, ನಿಲ್ತಾನೇ ಇಲ್ಲ! ಏದೋ ಒಕಟಿ ಮಾಡ್ರಕ್ಕ!" ಎಂದು, ಏನಾದರೂ ಒಂದು ಮಾಡಿ ಎನ್ನಲು ಹೋಗಿ ಅವಳು ಗಾಬರಿಗೆ ತೆಲುಗು ಕನ್ನಡ ಕಲಸಿಬಿಟ್ಟಳು.

"ಏನಾಗಬೇಕಿತ್ತು?" ಎಂದೆ. ಹಿತಕಿದೆ. "ಏನಾಯ್ತು?" ಎಂದೆ. ಹಿತಕಿದೆ. ತಪ್ಪು ನನ್ನ ಕಣ್ಣಿಗೆ ರಾಚುತ್ತಿದೆ, ನಾಲಿಗೆ ತುದಿಗೆ ಬಂದು ನಿಂತಿದೆ. ಸಿಟ್ಟಿಗೆ ಜೋರಾಗಿ ಒತ್ತಿದ ಕಾಳಿನಿಂದ ಬೇಳೆ ಚಿಮ್ಮಿ ಪರದೆಗೆ ಹೋಗಿ ಅಂಟಿಕೊಂಡಿತು. ಅವಳು ಆ ಬೇಳೆ ನೋಡಿದಳು, ನನ್ನ ಮುಖ ನೋಡಿದಳು, ಕಿಸಕ್ಕನೆ ನಕ್ಕಳು. ನಕ್ಕದ್ದೇ ಭಯ ಇಳಿಯಿತೋ ಏನೋ... ಬೇಳೆ ತೆಗೆಯಲು ಹೋದವಳು ಅಲ್ಲೇ ಬಗ್ಗಿ ತನ್ನ ಸಾಲುಗಳನ್ನು ಓದತೊಡಗಿದಳು. "ಅಯ್ಯೋ ಅಕ್ಕಾ, ಒಂದಕ್ಕೆ ಒಂದು ಕೂಡ್ಸೇ ಇಲ್ವಲ್ಲ. ಅದಕ್ಕೇ ನಿಂತಲ್ಲೇ ನಿಂತೈತೆ!" ಎಂದು ತಾನೇ ಒತ್ತಿ ಸರಿ ಮಾಡಿದಳು. ಹತ್ತಕ್ಕೆ ಬಂದು ಅಂಕಿ ನಿಂತಿತು. ಅವಳಿಗಿಂತ ಜೋರಾಗಿ ಕೂಗಿದ್ದು ನಾನು.

ಆ ಕೂಗಿಗೆ ಪ್ರಿನ್ಸಿಪಾಲರು ಬಂದುಬಿಟ್ಟರು. ಬಾಗಿಲಲ್ಲಿ ನಿಂತವರು ಬೇಸಿನ್ನು ನೋಡಿದರು, ಸಿಪ್ಪೆಯ ರಾಶಿ ನೋಡಿದರು. "ಏನ್ರೀ ಇದು? ಲ್ಯಾಬೋ, ಮದುವೆ ಮನೆ ಅಡುಗೆ ಕೋಣೆನೋ?"

ಸರ್ ಕೈಯಲ್ಲಿದ್ದ ಕಾಳು ಬಿಡದೆ, "ಇವರ ಕೈ ಕಟ್ಟಾಕೋಕೆ ನನ್ನತ್ರ ಬೇರೆ ಹಗ್ಗ ಇಲ್ಲ ಸಾರ್," ಎಂದರು. ಪ್ರಿನ್ಸಿಪಾಲರಿಗೆ ಅದು ರುಚಿಸಲಿಲ್ಲ. ಕಾಳೆಲ್ಲ ಆಚೆ ಹೋಯಿತು. "ಪ್ರಾಕ್ಟಿಕಲ್ ಬರ್ಲಿ, ನೋಡ್ತೀನಿ," ಎಂದು ಹೋದರು. ಆಮೇಲಿನ ದಿನಗಳಲ್ಲಿ ನಾವು ಅಂಗೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಹೇಳಿಕೊಟ್ಟೆವು. ಕಾಳಿಲ್ಲದಿದ್ದರೂ ಕಾಯುವುದು ಅಷ್ಟರಲ್ಲಿ ಮೈಗೆ ಹತ್ತಿತ್ತು.

ಪ್ರಾಕ್ಟಿಕಲ್ ಬಂತು. ಬೇರೆ ಊರಿನಿಂದ ಬಂದ ಪರೀಕ್ಷಕರು ಒಳಗೆ. ಪಾಠ ಮಾಡಿದವರೇ ಪರೀಕ್ಷೆಗೂ ನಿಲ್ಲುವುದು ಬೇಡವೆಂದು ಪ್ರಿನ್ಸಿಪಾಲರು ಸರ್‌ರನ್ನು ಹೊರಗಿಟ್ಟಿದ್ದರು. ಸರ್ ಮತ್ತು ನಾನು ವರಾಂಡದ ಕಿಟಕಿಗೆ ಅಂಟಿಕೊಂಡೆವು. ಮಂಡಿಕಲ್ ಹುಡುಗಿ ಕಿಟಕಿಗೆ ಹತ್ತಿರವೇ ಇದ್ದಳು. ಇದ್ದಕ್ಕಿದ್ದಂತೆ ಅವಳ ಪರದೆಯ ಮೇಲೆ ಅಂಕಿಗಳು ಸುರಿಯತೊಡಗಿದವು, ನಿಲ್ಲದೆ. ಅವಳು ಎರಡೂ ಕೈ ಮೇಲೆತ್ತಿ ಕೂತಳು. ಹಳೇ ಹುಡುಗಿಯೇ ಮತ್ತೆ ಬಂದಂತೆ.

ನಾನು ಕಿಟಕಿಯ ಸರಳು ಹಿಡಿದು ಬಾಯಿ ತೆರೆಯುವಷ್ಟರಲ್ಲಿ ಸರ್ ನನ್ನ ಅಂಗೈಗೆ ತಣ್ಣಗಿನದೇನನ್ನೋ ತುರುಕಿದರು. ನೆನೆಸಿದ ಅವರೆಕಾಳು! ಸೀಸನ್ ಮುಗಿದು ಕಾಳು ಬಲಿತಿದ್ದವು. ಎಲ್ಲಿ ಹುಡುಕಿ ತಂದಿದ್ದರೋ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. "ಹಿತಕು," ಎಂದರು ಮೆಲ್ಲಗೆ. ತಿರುಗಿ ನೋಡಿದರೆ ಅವರೂ ಹಿತಕುತ್ತಿದ್ದಾರೆ, ಬೇಳೆ ನೆಲಕ್ಕೆ ಬೀಳಿಸಿ ಸಿಪ್ಪೆ ಜೇಬಿಗೆ ತುಂಬಿಕೊಳ್ಳುತ್ತಿದ್ದಾರೆ. ನಮಗೆ ಅಷ್ಟೆಲ್ಲ ತಾಳ್ಮೆ ಕಲಿಸಿದ ಮನುಷ್ಯ! ಅವತ್ತು ಅವರ ಮೇಲೆ ನನಗೆ ಉಕ್ಕಿ ಬಂದ ಪ್ರೀತಿ ಅಷ್ಟಿಷ್ಟಲ್ಲ.

ಒಳಗೆ ಅವಳ ತುಟಿ ಅಲ್ಲಾಡಿತು. ಏನಾಗಬೇಕಿತ್ತು... ಏನಾಯ್ತು... ತನಗೆ ತಾನೇ ಕೇಳಿಕೊಳ್ಳುತ್ತಿದ್ದಾಳೆ! ಕೈ ಕೆಳಗಿಳಿಯಿತು. ಒಂದೊಂದೇ ಸಾಲು ಓದಿದಳು, ಏನೋ ಒತ್ತಿದಳು. ಆಮೇಲೆ ಪ್ರಿಂಟರ್ ಕಿರ್ರೆಂದು ಕೂಗಿಕೊಂಡಿತು. ಹೊರಗೆ ಬಂದವಳು ಪಾಸೋ ಫೇಲೋ ಅದನ್ನೂ ಹೇಳದೆ, "ಅಕ್ಕಾ, ಮೊದಲ್ನೇ ಸಾಲಲ್ಲಿ ಮಂಡಿಕಲ್ ಅಂತ ಬಂತಕ್ಕ!" ಎಂದು ನನ್ನ ಒದ್ದೆ ಕೈ ಹಿಡಿದು ಕುಣಿದಳು.

ಆ ವರ್ಷ ಬಿದ್ದವರು ತೀರಾ ಕಡಿಮೆ. ಲ್ಯಾಬಿಗೆ ಬೀಗ ಬೀಳಲಿಲ್ಲ. ಮುಂದಿನ ಚಳಿಗಾಲಕ್ಕೆ ಪ್ರಿನ್ಸಿಪಾಲರೇ ಬಾಗಿಲಲ್ಲಿ ಇಣುಕಿ, "ಏನ್ರೀ, ಈ ಸಲ ಕಾಳು ತಂದಿಲ್ವಾ?" ಎಂದು ಕೇಳಿದರು. ಸರ್ ಅವರ ಕೈಗೂ ಒಂದು ಬಟ್ಟಲು ಕೊಟ್ಟರು.

ಮಂಡಿಕಲ್ ಹುಡುಗಿ ಈಗ ಚಿಂತಾಮಣಿಯಲ್ಲಿ ಕಂಪ್ಯೂಟರ್ ಮೇಡಂ. ಹೋದ ವರ್ಷ, ಅವರೆ ಮಾರುಕಟ್ಟೆಗೆ ಬರುವ ಮೊದಲೇ, ಸರ್ ಹೋಗಿಬಿಟ್ಟರೆಂದು ಫೋನ್ ಮಾಡಿ ಹೇಳಿದವಳು ಅವಳೇ.

ಮೊನ್ನೆ ಸುಲಿದ ಕಾಳನ್ನು ನೆನೆಸಿ, ನಿನ್ನೆ ಅಡುಗೆಮನೆಯಲ್ಲಿ ಹಿತಕುತ್ತ ಕೂತಿದ್ದೆ. ನಮ್ಮತ್ತೆ ಹೊಸ ಫೋನು ಹಿಡಿದು ಬಂದರು. ತಂಗಿಗೆ ವಾಯ್ಸ್ ಮೆಸೇಜು ಕಳಿಸಬೇಕಂತೆ. "ನೀನೇ ಒತ್ಬಿಡೇ, ನಂಗೆ ಇದೆಲ್ಲ ಎಲ್ಲಿ ಬರುತ್ತೆ," ಎಂದರು. ನನ್ನ ಕೈ ಎದ್ದೇಬಿಟ್ಟಿತ್ತು. ತೊಟತೊಟ ನೀರು ತೊಟ್ಟಿಕ್ಕಿತು. ಮತ್ತೆ ಬೇಸಿನ್ನಿಗೆ ಇಳಿಸಿದೆ.

"ಏನಾಗಬೇಕಿತ್ತು ಅತ್ತೆ? ಏನಾಯ್ತು?" ಎಂದೆ.

ಅತ್ತೆ ನನ್ನನ್ನು ಬೈದರು, ಫೋನನ್ನು ಬೈದರು, ಅಲ್ಲಿ ಇಲ್ಲಿ ಒತ್ತಿದರು. ನಾನು ಹಿತಕುತ್ತಲೇ ಇದ್ದೆ. ಹಿಡಿ ಕಾಳು ಮುಗಿಯುವಷ್ಟರಲ್ಲಿ, "ಹೋಯ್ತು ಕಣೇ! ನಾನೇ ಕಳಿಸ್ದೆ!" ಎಂದು ಕೂಗಿದರು, ಥೇಟ್ ಮಂಡಿಕಲ್ ಹುಡುಗಿಯ ದನಿ.

ಇದನ್ನು ಸರ್‌ಗೆ ಹೇಳಬೇಕು ಎಂದುಕೊಂಡೆ. ಅಂದುಕೊಂಡ ಮೇಲೆ ನೆನಪಾಯಿತು. ಕಣ್ಣು ಒರೆಸಿಕೊಳ್ಳೋಣವೆಂದರೆ ಎರಡೂ ಕೈ ಒದ್ದೆ.