ಇಪ್ಪತ್ತಾರು ಗ್ಯಾರೇಜು, ಒಂದೇ ಲಾರಿ

ಕೊರೋನಾ ಮುಗಿದು ಎರಡು ವರ್ಷ ಕಳೆದಿತ್ತು. ಆಗ ನಾನು ಶಿವಮೊಗ್ಗದ ಒಂದು ಸಣ್ಣ ಸಮೀಕ್ಷಾ ಸಂಸ್ಥೆಯಲ್ಲಿ ಹಿರಿಯ ವಿಶ್ಲೇಷಕಿಯಾಗಿದ್ದೆ. ಹಿರಿಯ ಎನ್ನುವುದಕ್ಕೆ ಅಲ್ಲಿ ಹೆಚ್ಚಿನ ಅರ್ಥವೇನೂ ಇರಲಿಲ್ಲ. ಇದ್ದವರೇ ಐದು ಜನ, ಅವರಲ್ಲಿ ಕನ್ನಡಕವಿಲ್ಲದೆ ಕಂಪ್ಯೂಟರ್ ಪರದೆ ಓದಲಾಗದವಳು ನಾನೊಬ್ಬಳೇ. ಊರು, ಪೇಟೆ, ರಸ್ತೆಗಳ ಬಗ್ಗೆ ಇಲಾಖೆಗಳು ಕೇಳುವ ಪ್ರಶ್ನೆಗಳಿಗೆ ಅಂಕಿಅಂಶ ಕೂಡಿಸಿ, ಅದನ್ನು ಯಾವುದಾದರೊಂದು ಆರ್ಥಿಕ ಮಾಡೆಲ್‌ಗೆ ಹಾಕಿ ಉತ್ತರ ತೆಗೆದುಕೊಡುವುದು ನಮ್ಮ ಕೆಲಸ.

ಮಾಡೆಲ್ ಎಂದರೆ ಹೆದರಬೇಕಾದ್ದಿಲ್ಲ. ಜನ ಹೇಗೆ ಬದುಕುತ್ತಾರೆ, ಕೊಳ್ಳುತ್ತಾರೆ, ಓಡಾಡುತ್ತಾರೆ ಎಂಬ ಗೋಜಲಿನಿಂದ ನಾಲ್ಕೈದು ಮುಖ್ಯ ಸಂಗತಿಗಳನ್ನಷ್ಟೇ ಆರಿಸಿ, ಉಳಿದದ್ದನ್ನೆಲ್ಲ ಪಕ್ಕಕ್ಕಿಟ್ಟು ಮಾಡಿದ ಲೆಕ್ಕದ ಚೌಕಟ್ಟು ಅದು. ಪಕ್ಕಕ್ಕಿಟ್ಟದ್ದರಲ್ಲಿ ಏನಿತ್ತು ಎಂಬುದೇ ನನ್ನಂಥವರ ಆಜೀವ ಚಿಂತೆ. ವರದಿ ಮುದ್ರಣಕ್ಕೆ ಹೋದ ಮೇಲೂ ಪ್ರೆಸ್ಸಿಗೆ ಫೋನ್ ಮಾಡಿ, "ಹದಿನೇಳನೇ ಪುಟದ ಕೋಷ್ಟಕ ತಲೆಕೆಳಗಾಗಿ ಬಂದಿಲ್ಲ ತಾನೇ?" ಎಂದು ಕೇಳುವವಳು ನಾನು. ಒಮ್ಮೆ ನಿಜಕ್ಕೂ ತಲೆಕೆಳಗಾಗಿ ಬಂದಿತ್ತು. ಅದನ್ನು ಹೇಳಿದರೆ ಯಾರೂ ನಂಬುವುದಿಲ್ಲ.

ಆ ವರ್ಷ ನಮ್ಮ ಕೈಗೆ ಬಂದದ್ದು ಭದ್ರಾವತಿಯ ಒಂದು ಲಾರಿ ರಿಪೇರಿ ಬೀದಿ. ರಸ್ತೆ ಅಗಲ ಮಾಡಲು ಅಲ್ಲಿನ ಇಪ್ಪತ್ತಾರು ಗ್ಯಾರೇಜುಗಳನ್ನು ತೆರವು ಮಾಡಬೇಕಿತ್ತು. ಅವರಿಗೆ ಬೇರೆ ಜಾಗ ಕೊಡುವುದೂ ಖಚಿತವಾಗಿತ್ತು. ಎಲ್ಲಿ ಕೊಡಬೇಕು ಎಂಬುದಷ್ಟೇ ನಮ್ಮನ್ನು ಕೇಳಿದ ಪ್ರಶ್ನೆ.

ಇಂಥದ್ದಕ್ಕೆಂದೇ ಒಂದು ಮಾಡೆಲ್ ಇದೆ. ಒಂದು ಬಡಾವಣೆಗೆ ನಾಲ್ಕು ಹಾಲಿನ ಬೂತ್ ಕೊಡಬೇಕು ಎಂದಿಟ್ಟುಕೊಳ್ಳಿ. ನಾಲ್ಕನ್ನೂ ಒಂದೇ ಮೂಲೆಯಲ್ಲಿಟ್ಟರೆ ಉಳಿದವರೆಲ್ಲ ಬೆಳಗಾಗೆದ್ದು ಮೈಲಿಗಟ್ಟಲೆ ನಡೆಯಬೇಕು. ಹರಡಿ ಇಟ್ಟರೆ ಎಲ್ಲರೂ ನಾಲ್ಕು ಹೆಜ್ಜೆ ಹಾಕಿದರೆ ಸಾಕು. ಗಿರಾಕಿಗಳು ನಡೆಯುವ ಒಟ್ಟು ದೂರ ಎಲ್ಲಿ ಅತಿ ಕಡಿಮೆಯಾಗುತ್ತದೋ ಅದನ್ನು ಆ ಮಾಡೆಲ್ ಹುಡುಕಿಕೊಡುತ್ತದೆ. ಊರಿನ ನಕ್ಷೆ ಕೈಯಲ್ಲಿದ್ದರೆ ಅದಕ್ಕೆ ಬೇಕಾದ್ದು ಇನ್ನೆರಡೇ ಮಾಹಿತಿ: ಅಂಗಡಿಗಳು ಎಷ್ಟು, ಒಂದೊಂದಕ್ಕೆ ದಿನಕ್ಕೆ ಗಿರಾಕಿಗಳೆಷ್ಟು.

ಪ್ರಶ್ನಾವಳಿ ಬರೆದವಳು ನಾನೇ. ಮೂರು ದಿನ ಬೀದಿಯಲ್ಲಿ ಓಡಾಡಿ ತುಂಬಿಸಿಕೊಂಡವಳೂ ನಾನೇ. ಏಳನೇ ಪ್ರಶ್ನೆ ಹೀಗಿತ್ತು: "ದಿನಕ್ಕೆ ಎಷ್ಟು ವಾಹನಗಳ ಕೆಲಸ ಮಾಡುತ್ತೀರಿ?" ಎಂಜಿನ್ ಕೆಲಸದ ರಹಮತ್ ಭಾಯಿ ಒಂಬತ್ತು ಎಂದರು. ಲೇತ್ ಯಂತ್ರ ಇಟ್ಟುಕೊಂಡು ಕಬ್ಬಿಣ ಕಡೆದು ಬಿಡಿಭಾಗ ಮಾಡಿಕೊಡುವ ಸೆಲ್ವರಾಜ್ ಎಂಟು ಎಂದರು. ಅವರ ತಂದೆ ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದವರಂತೆ. ಬೀದಿಯ ಕೊನೆಯಲ್ಲಿ ಹೊಲಿಗೆ ಮಷೀನಿಟ್ಟುಕೊಂಡು ಲಾರಿಯ ಸೀಟು, ಟಾರ್ಪಾಲು ಹೊಲಿಯುವ ಜೈಬುನ್ನೀಸಾ ಕೂಡ ಎಂಟು ಎಂದರು. ಬೀದಿಗೆಲ್ಲ ಅವರು ಜೈಬುನ್ ಆಪಾ, ಅಂದರೆ ಜೈಬುನ್ ಅಕ್ಕ. ತಂದೆಯಿಂದ ಕಲಿತ ಕೆಲಸ, ಇಪ್ಪತ್ತು ವರ್ಷದಿಂದ ಅದರಲ್ಲೇ ಮನೆ ನಡೆಸಿದವರು. ಎಲ್ಲರ ಉತ್ತರ ಕೂಡಿಸಿದಾಗ ಬಂದದ್ದು ದಿನಕ್ಕೆ ನೂರ ನಲವತ್ತಮೂರು ವಾಹನ.

ಮಾಡೆಲ್ ಎರಡು ನಿಮಿಷದಲ್ಲಿ ಉತ್ತರ ಕೊಟ್ಟಿತು. ಇಪ್ಪತ್ತಾರು ಗ್ಯಾರೇಜುಗಳನ್ನು ಭದ್ರಾವತಿಯ ಅಂಚಿನಿಂದ ಶಿವಮೊಗ್ಗ ದಾಟಿ ಆಯನೂರಿನವರೆಗೆ ಹನ್ನೊಂದು ಜಾಗಗಳಲ್ಲಿ ಹಂಚುವುದು. ಜೈಬುನ್ ಆಪಾ ಪಾಲಿಗೆ ಆಯನೂರು ಬಂದಿತ್ತು, ಅದೂ ಅವರೊಬ್ಬರಿಗೇ. "ಆ ಭಾಗದಲ್ಲಿ ಸ್ಪರ್ಧೆಯಿಲ್ಲ, ಸ್ವತಂತ್ರವಾಗಿ ನಡೆಯಬಲ್ಲ ಘಟಕ" ಎಂದು ನಾನೇ ಟಿಪ್ಪಣಿ ಬರೆದೆ. ನಮ್ಮ ನಿರ್ದೇಶಕ ವಿರೂಪಾಕ್ಷಯ್ಯನವರಿಗೆ ನಕ್ಷೆ ಬಹಳ ಹಿಡಿಸಿತು. "ಹನ್ನೊಂದು ಬಣ್ಣದ ಚುಕ್ಕಿ! ನೋಡೋಕೇ ಎಷ್ಟು ಚೆನ್ನಾಗಿದೆ ನೋಡಿ ಗಿರಿಜಾ," ಎಂದರು. ಮುಂದಿನ ವಾರದ ಶುಕ್ರವಾರ ಅಧಿಕಾರಿಗಳ ಮುಂದೆ ಮಂಡನೆ ಎಂದು ನಿಗದಿಯಾಯಿತು.

ಎಲ್ಲವೂ ಸರಿಯಿದೆ ಎಂದಾಗಲೇ ನನಗೆ ಅನುಮಾನ ಶುರುವಾಗುತ್ತದೆ. ಭಾನುವಾರ ವಿದ್ಯಾನಗರದ ಮನೆಯಲ್ಲಿ ಅವರೆಕಾಳು ಸುಲಿಯುತ್ತ ಕೂತಿದ್ದಾಗ ಸುಮ್ಮನೆ ಒಂದು ಲೆಕ್ಕ ಹಾಕಿದೆ. ಬೀದಿಯ ಉದ್ದ ಇನ್ನೂರು ಮೀಟರ್. ಒಂದು ಲಾರಿಗೆ ಒಂಬತ್ತು ಮೀಟರ್ ಹಿಡಿದರೂ ಎರಡು ಬದಿಗೆ ಸೇರಿ ನಲವತ್ತನಾಲ್ಕು ನಿಲ್ಲಬಹುದು. ಲಾರಿ ರಿಪೇರಿ ಎಂದರೆ ದಿನವಿಡೀ ಹಿಡಿಯುವ ಕೆಲಸ. ನೂರ ನಲವತ್ತಮೂರು ಲಾರಿ ಎಲ್ಲಿ ನಿಲ್ಲುತ್ತವೆ? ಮೂರು ದಿನ ಅಲ್ಲೇ ತಿರುಗಾಡಿದ ನನಗೆ ಅಷ್ಟು ದೊಡ್ಡ ಸಾಲು ಹೇಗೆ ಕಾಣಲಿಲ್ಲ? ಕಾಣಲಿಲ್ಲ, ಯಾಕೆಂದರೆ ನಾನು ಕಾಗದ ನೋಡುತ್ತಿದ್ದೆ.

ಸೋಮವಾರ ಬೆಳಿಗ್ಗೆ ಎಂಟಕ್ಕೇ ಭದ್ರಾವತಿಗೆ ಹೋಗಿ ಬೀದಿಯ ಬಾಯಲ್ಲಿದ್ದ ಚಹಾ ಅಂಗಡಿಯಲ್ಲಿ ಕೂತೆ. ಬೀದಿಯ ಇನ್ನೊಂದು ತುದಿ ಗೋಡೆ, ಹಾಗಾಗಿ ಒಳಗೆ ಬರುವ ಪ್ರತಿ ಗಾಡಿಯೂ ನನ್ನ ಮುಂದೆಯೇ ಬರಬೇಕು. ಸಂಜೆ ಆರರವರೆಗೆ ಎಣಿಸಿದೆ. ಒಂಬತ್ತು ಲೋಟ ಚಹಾ ಆಯಿತು, ಇಪ್ಪತ್ತೊಂದು ಲಾರಿ ಬಂದವು.

ನನಗೆ ಮೊದಲು ಬಂದದ್ದು ಸಿಟ್ಟು. ನೇರ ರಹಮತ್ ಭಾಯಿಯ ಹತ್ತಿರ ಹೋದೆ.

"ರಹಮತ್ ಭಾಯಿ, ಇಡೀ ಬೀದಿಗೆ ಬಂದಿರೋದೇ ಇಪ್ಪತ್ತೊಂದು ಗಾಡಿ. ನಿಮ್ಮೊಬ್ರಿಗೇ ಒಂಬತ್ತು ಅಂದ್ರಲ್ಲ, ಯಾಕೆ ಸುಳ್ಳು ಹೇಳಿದ್ರಿ?"

ಅವರು ಗ್ರೀಸ್ ಮೆತ್ತಿದ ಕೈ ಎತ್ತಿ ಕಿವಿ ಮುಟ್ಟಿಕೊಂಡರು. "ತೋಬಾ! ಸುಳ್ಳು ಯಾಕ್ ಹೇಳ್ಲಿ ಮೇಡಂ? ಇವತ್ತೂ ಒಂಬತ್ತೇ ಮಾಡಿದೀನಿ."

ಪಕ್ಕದಿಂದ ಸೆಲ್ವರಾಜ್ ಲೇತ್ ನಿಲ್ಲಿಸಿ ನಕ್ಕರು. "ಅವ್ರ ಒಂಬತ್ತರಲ್ಲಿ ಆರು ನಂದೂ ಹೌದಮ್ಮಾ. ನೀವು ಎಷ್ಟು ಗಾಡಿ ಅಂತ ಕೇಳಿದ್ರಿ. ಯಾರ್ ಗಾಡಿ ಅಂತ ಕೇಳ್ಲಿಲ್ಲ."

ಮಾರನೇ ದಿನ ಎಣಿಸುವುದನ್ನು ಬಿಟ್ಟು ಒಂದೇ ಒಂದು ಲಾರಿಯ ಬೆನ್ನು ಹತ್ತಿದೆ. ಜಲ್ಲಿ ಸಾಗಿಸುವ ಟಿಪ್ಪರ್ ಅದು, ಒಂಬತ್ತೂವರೆಗೆ ಬಂದು ರಹಮತ್ ಭಾಯಿಯ ಮುಂದೆ ನಿಂತಿತು. ಅವರು ಜೇಬಿನಿಂದ ಸೀಮೆಸುಣ್ಣ ತೆಗೆದು ಎಡ ಬಾಗಿಲ ಮೇಲೆ ಒಂದು ಗೀಟು ಎಳೆದರು. ಆ ಹಳೇ ಗಾಡಿಯಲ್ಲಿ ಎಂಜಿನ್ ಇರುವುದು ಸೀಟಿನ ಕೆಳಗೆ. ಸೀಟು ಬಿಚ್ಚಿದರು. ಬಿಚ್ಚಿದ ಸೀಟು ಹರಿದಿತ್ತು, ಅದು ಜೈಬುನ್ ಆಪಾ ಹತ್ತಿರ ಹೋಯಿತು. ಅವರು ಬಂದು ಬಾಗಿಲ ಮೇಲೆ ಒಂದು ಸೊನ್ನೆ ಬರೆದರು. ಎಂಜಿನ್ ಒಳಗಿನ ಒಂದು ಬಿಡಿಭಾಗ ಸವೆದಿತ್ತು, ಸೆಲ್ವರಾಜ್ ಬಂದು ಒಂದು ಗುಣಿಸು ಚಿಹ್ನೆ ಹಾಕಿ ಅದನ್ನು ಒಯ್ದರು. ಆಮೇಲೆ ರೇಡಿಯೇಟರಿನವರು, ವೈರಿಂಗಿನವರು, ವೆಲ್ಡಿಂಗಿನವರು, ಸ್ಪ್ರಿಂಗ್ ಪಟ್ಟಿಯವರು. ಮಧ್ಯಾಹ್ನದ ಹೊತ್ತಿಗೆ ಬಾಗಿಲ ಮೇಲೆ ಏಳು ಗುರುತು. ಕೆಲಸ ಮುಗಿಸಿದವರು ತಮ್ಮ ತಮ್ಮ ಗುರುತನ್ನು ಒರೆಸಿ ಹೋಗುತ್ತಿದ್ದರು. ಬಾಗಿಲು ಸ್ವಚ್ಛವಾದ ಮೇಲೆಯೇ ಡ್ರೈವರ್ ಗಾಡಿ ಚಾಲೂ ಮಾಡುವುದು. ಅದು ಆ ಬೀದಿಯ ರಿವಾಜು.

ಇಪ್ಪತ್ತೊಂದು ಲಾರಿಗೆ ಏಳೇಳು ಗುರುತು ಎಂದರೆ ನೂರ ನಲವತ್ತೇಳು. ನನ್ನ ನೂರ ನಲವತ್ತಮೂರಕ್ಕೆ ಎಷ್ಟು ಹತ್ತಿರ! ಯಾರೂ ಸುಳ್ಳು ಹೇಳಿರಲಿಲ್ಲ. ಒಂದೇ ಲಾರಿಯನ್ನು ನಾನು ಏಳು ಸಲ ಎಣಿಸಿದ್ದೆ, ಅಷ್ಟೇ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಅದು ಇಪ್ಪತ್ತಾರು ಗ್ಯಾರೇಜುಗಳ ಬೀದಿಯೇ ಆಗಿರಲಿಲ್ಲ. ಇಪ್ಪತ್ತಾರು ಕೋಣೆಗಳ ಒಂದು ಗ್ಯಾರೇಜು ಅದು. ಹಾಲಿನ ಬೂತ್ ಹಂಚುವ ಲೆಕ್ಕದಲ್ಲಿ ನಾನು ಒಂದು ಆಸ್ಪತ್ರೆಯ ಎಕ್ಸ್‌ರೇ ಕೋಣೆಯನ್ನು ಒಂದೂರಿಗೂ ಹೊಲಿಗೆ ಹಾಕುವ ಕೋಣೆಯನ್ನು ಇನ್ನೊಂದೂರಿಗೂ ಹಂಚಿದ್ದೆ.

ಅಳುಕುತ್ತಲೇ ಜೈಬುನ್ ಆಪಾಗೆ ಆಯನೂರಿನ ವಿಷಯ ಹೇಳಿದೆ. ಹೇಳದಿದ್ದರೆ ಊಟ ಸೇರುತ್ತಿರಲಿಲ್ಲ.

"ಆಯನೂರಾ?" ಅವರ ಮಷೀನು ನಿಂತಿತು. "ನನ್ನ ಮಗಳಿಗೆ ಗಂಡು ನೋಡೋಕೂ ನಾನು ಅಷ್ಟು ದೂರ ಹೋಗಿಲ್ಲ ಮಾರಾಯ್ತಿ! ಅಲ್ಲಿ ನಾನೊಬ್ಳೇನಾ?"

"ಸ್ಪರ್ಧೆ ಇರಲ್ಲ ಅಂತ..." ಎಂದು ಶುರುಮಾಡಿ ನಾನೇ ನಿಲ್ಲಿಸಿದೆ.

"ನೀವೇ ಬರೆದಿದ್ದಾ ಅದು?"

"ಹೌದು."

ಅವರು ಬೈಯಲಿಲ್ಲ. ಸೂಜಿಗೆ ದಾರ ಪೋಣಿಸುತ್ತ, "ಹಂಗಾದ್ರೆ ಅಳಿಸೋದೂ ನಿಮ್ ಕೈಲೇ ಐತಲ್ಲ," ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಶಿವಮೊಗ್ಗಕ್ಕೆ ವಾಪಸಾಗಿ ವಿರೂಪಾಕ್ಷಯ್ಯನವರಿಗೆ ತಪ್ಪು ಒಪ್ಪಿಸಿದೆ. ಅವರು ನಕ್ಷೆಯ ಚುಕ್ಕಿಗಳನ್ನೊಮ್ಮೆ ಮರುಕದಿಂದ ನೋಡಿದರು.

"ಮಾಡೆಲ್ ಸರಿ ಇದೆ ತಾನೇ?"

"ಸರಿ ಇದೆ ಸಾರ್. ಆದ್ರೆ ಬೇರೆ ಊರಿಗೆ ಸರಿ ಇದೆ."

"ಶುಕ್ರವಾರಕ್ಕೆ ಮೂರೇ ದಿನ ಕಣಮ್ಮ. ತಪ್ಪಾಯ್ತು ಅಂತ ಬರೀ ಕೈಯಲ್ಲಿ ಹೋದ್ರೆ ಅವರು ಹಳೇ ನಕ್ಷೇನೇ ಪಾಸ್ ಮಾಡ್ತಾರೆ. ಇದರ ಬದಲಿಗೆ ಏನಿದೆ ತೋರಿಸ್ಬೇಕು."

ಬದಲಿಗೆ ಇದ್ದದ್ದು ಅರ್ಥಶಾಸ್ತ್ರದ ಇನ್ನೊಂದು ಹಳೇ ಸಾಧನ, ಇನ್‌ಪುಟ್-ಔಟ್‌ಪುಟ್ ಕೋಷ್ಟಕ. ಒಂದು ದೇಶದ ಯಾವ ಉದ್ಯಮ ಯಾವುದರಿಂದ ಏನು ಪಡೆಯುತ್ತದೆ ಎಂದು ಅಡ್ಡ ಸಾಲು, ಉದ್ದ ಸಾಲುಗಳಲ್ಲಿ ಬರೆಯುವುದು ಅದು. ಉಕ್ಕಿಗೆ ಕಲ್ಲಿದ್ದಲು ಬೇಕು, ಕಲ್ಲಿದ್ದಲಿಗೆ ರೈಲು ಬೇಕು, ರೈಲಿಗೆ ಮತ್ತೆ ಉಕ್ಕು ಬೇಕು. ದೇಶಗಳ ಮಟ್ಟದ ಆ ಗಂಭೀರ ಸಾಧನವನ್ನು ನಾನು ಇನ್ನೂರು ಮೀಟರ್ ಬೀದಿಗೆ ಇಳಿಸಿದೆ. ಬುಧವಾರ, ಗುರುವಾರ ಎರಡೂ ದಿನ ಲಾರಿ ಬಾಗಿಲುಗಳ ಮುಂದೆ ನಿಂತು ಯಾವ ಗುರುತಿನ ನಂತರ ಯಾವ ಗುರುತು ಬಿತ್ತು ಎಂದು ಬರೆದುಕೊಂಡೆ. ಡ್ರೈವರುಗಳು ನನ್ನನ್ನು ಆರ್‌ಟಿಓ ಎಂದು ತಿಳಿದು ತಾವಾಗಿಯೇ ಲೈಸೆನ್ಸ್ ತೆಗೆದು ತೋರಿಸುತ್ತಿದ್ದರು.

ಇಪ್ಪತ್ತಾರಕ್ಕೆ ಇಪ್ಪತ್ತಾರು ಮನೆಗಳ ಆ ಕೋಷ್ಟಕದಲ್ಲಿ, ಬೇರೆಯವರ ನೆರವಿಲ್ಲದೆ ಕೆಲಸ ಮುಗಿಸಿದ ಒಂದು ಸಾಲೂ ಸಿಗಲಿಲ್ಲ. ಜೈಬುನ್ ಆಪಾರ ಸಾಲಂತೂ ಪೂರ್ತಿ ಬೇರೆಯವರಿಂದ ಬಂದದ್ದು. ಸೀಟು ಹೊಲಿಸಲೆಂದೇ ಆ ಎರಡು ದಿನ ಒಂದು ಗಾಡಿಯೂ ಬೀದಿಗೆ ಬಂದಿರಲಿಲ್ಲ. ನನ್ನ ಭಾಷೆಯಲ್ಲಿ "ಸ್ವತಂತ್ರ ಘಟಕ" ಅವರು!

ಶುಕ್ರವಾರದ ಸಭೆಗೆ ರಹಮತ್ ಭಾಯಿ ಮತ್ತು ಜೈಬುನ್ ಆಪಾರನ್ನೂ ಕರೆಸಲು ಕೇಳಿಕೊಂಡಿದ್ದೆ. ಮೊದಲು ಹಳೇ ನಕ್ಷೆ ತೋರಿಸಿ ಅದು ಯಾಕೆ ತಪ್ಪು ಎಂದು ಹೇಳಿದೆ. ನೀರಿನ ಲೋಟ ಎತ್ತಿ ಕುಡಿದ ಮೇಲೆ ಗೊತ್ತಾಯಿತು, ಅದು ಪಕ್ಕದ ಇಂಜಿನಿಯರರದ್ದು ಎಂದು. ಆಮೇಲೆ ಕೋಷ್ಟಕ ತೋರಿಸಿ, ಇವರನ್ನು ಒಂದೇ ಘಟಕವೆಂದು ಹಿಡಿದು ಒಂದೇ ಜಾಗ ಕೊಡಬೇಕು ಎಂದೆ. ಅಧ್ಯಕ್ಷತೆ ವಹಿಸಿದ್ದ ಹಿರಿಯ ಅಧಿಕಾರಿಗೆ ಕೋಷ್ಟಕಕ್ಕಿಂತ ನಕ್ಷೆಯೇ ಹೆಚ್ಚು ಇಷ್ಟವಾದಂತಿತ್ತು.

"ಆದರೂ ನೋಡಮ್ಮ," ಎಂದು ಅವರು ಜೈಬುನ್ ಆಪಾ ಕಡೆ ತಿರುಗಿದರು, "ಆಯನೂರಲ್ಲಿ ನಿನಗೆ ಪೈಪೋಟೀನೇ ಇರಲ್ಲ. ಒಳ್ಳೇದೇ ಅಲ್ವಾ?"

"ಪೈಪೋಟಿ ಇರಲ್ಲ ಸಾರ್, ಲಾರೀನೂ ಇರಲ್ಲ," ಎಂದರು ಜೈಬುನ್ ಆಪಾ. "ಬರೀ ಸೀಟು ಹರಿದೈತೆ ಅಂತ ಯಾವ ಡ್ರೈವರ್ ಗಾಡಿ ನಿಲ್ಸ್ತಾನೆ? ಟವೆಲ್ ಹಾಸ್ಕೊಂಡು ಓಡಿಸ್ತಾನೆ. ರಹಮತ್ ಭಾಯಿ ಸೀಟು ಬಿಚ್ಚಿದ್ರೇನೇ ನನಗೆ ಊಟ."

ಸಭೆಯಲ್ಲಿ ಮೊದಲು ನಕ್ಕವನು ಆ ಅಧಿಕಾರಿಯ ಸ್ವಂತ ಡ್ರೈವರ್, ಬಾಗಿಲ ಬಳಿ ನಿಂತಿದ್ದವನು. ಅಧಿಕಾರಿ ಅವನತ್ತ ನೋಡಿದರು. "ಹೌದು ಸಾರ್, ನಾನೂ ಟವೆಲ್ಲೇ ಹಾಕಿರೋದು," ಎಂದ ಅವನು.

ನನ್ನ ಕೋಷ್ಟಕ ಮಾಡಲಾಗದ್ದನ್ನು ಆ ಟವೆಲ್ ಮಾಡಿತು ಎಂದು ಹೇಳಲು ನನಗೇನೂ ಸಂಕೋಚವಿಲ್ಲ. ಟವೆಲ್ ಮನಸ್ಸನ್ನು ತಿರುಗಿಸಿತು, ಕೋಷ್ಟಕ ಕಡತಕ್ಕೆ ಕಾರಣ ಒದಗಿಸಿತು. ಹಳೇ ಬೀದಿಯಿಂದ ಆರುನೂರು ಮೀಟರ್ ದೂರದ ಒಂದು ಖಾಲಿ ಸರ್ಕಾರಿ ಜಾಗದಲ್ಲಿ ಇಪ್ಪತ್ತಾರು ಶೆಡ್ಡುಗಳನ್ನು ಒಟ್ಟಿಗೆ ಕಟ್ಟಿಕೊಡುವುದೆಂದು ತೀರ್ಮಾನವಾಯಿತು.

ಅಷ್ಟಕ್ಕೆ ನೆಮ್ಮದಿಯಾಗಿರುವ ಜಾಯಮಾನ ನನ್ನದಲ್ಲ. ಮುಂದಿನ ವರ್ಷ ಶೆಡ್ಡು ಹಂಚುವ ದಿನ ಚೀಟಿ ಎತ್ತುತ್ತಾರೆಂದು ಕೇಳಿ ಮತ್ತೆ ಭದ್ರಾವತಿಗೆ ಓಡಿದೆ. ನಿಯಮದ ಪ್ರಕಾರ ಚೀಟಿಯೇ ಆಗಬೇಕಂತೆ. ನಾನು ಹೆದರಿದಂತೆಯೇ ಆಯಿತು: ರಹಮತ್ ಭಾಯಿಗೆ ಎರಡನೇ ನಂಬರು, ಜೈಬುನ್ ಆಪಾಗೆ ಇಪ್ಪತ್ತೈದು. ನಡುವೆ ಸೀಟು ಹೊತ್ತು ತಿರುಗುವವರು ಯಾರು? ಯಾವ ಕ್ರಮದಲ್ಲಿ ಕೂರಿಸಿದರೆ ಓಡಾಟ ಕಡಿಮೆಯಾಗುತ್ತದೆ ಎಂಬುದಕ್ಕೂ ಒಂದು ಮಾಡೆಲ್ ಇದೆ. ಅದನ್ನು ಅಧಿಕಾರಿಗೆ ವಿವರಿಸಲು ಹೋದೆ, ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ತಿರುಗಿ ನೋಡುವಷ್ಟರಲ್ಲಿ ಇಪ್ಪತ್ತಾರೂ ಜನ ಗುಂಪಾಗಿ ನಿಂತು ತಮ್ಮ ತಮ್ಮ ಚೀಟಿ ಬದಲಾಯಿಸಿಕೊಂಡು ಮುಗಿಸಿದ್ದರು. ಹತ್ತು ನಿಮಿಷವೂ ಆಗಿರಲಿಲ್ಲ. ಜೈಬುನ್ ಆಪಾ ಮೂರನೇ ನಂಬರಿನ ಬಾಗಿಲಲ್ಲಿ ಮಷೀನು ಯಾವ ಕಡೆ ಇಡುವುದೆಂದು ನೋಡುತ್ತಿದ್ದರು, ಬೆಳಕು ಬೀಳುವ ಕಡೆಗೆ.

ಮಾಡೆಲ್‌ಗಳ ಮೇಲಿನ ನಂಬಿಕೆ ನಾನು ಬಿಟ್ಟಿಲ್ಲ. ಬಿಟ್ಟರೆ ಹೊಟ್ಟೆಗೇನು ಮಾಡಲಿ? ಆದರೆ ಸಮಾಜವನ್ನು ಎಣಿಸಲು ಹೊರಡುವ ಮುನ್ನ, ಯಾವುದನ್ನು ಒಂದು ಎಂದು ಎಣಿಸಬೇಕು ಎಂಬುದನ್ನು ಅಲ್ಲಿ ಬದುಕುವವರಿಂದಲೇ ತಿಳಿಯಬೇಕು ಎಂಬುದನ್ನು ಆ ಬೀದಿ ನನಗೆ ಕಲಿಸಿತು. ಅಂದಿನಿಂದ ನನ್ನ ಪ್ರತಿ ಪ್ರಶ್ನಾವಳಿಯಲ್ಲೂ ಒಂದು ಹೊಸ ಪ್ರಶ್ನೆ ಇರುತ್ತದೆ: "ನಿಮ್ಮ ಪಕ್ಕದವರು ಇವತ್ತು ಬಾಗಿಲು ತೆಗೆಯದಿದ್ದರೆ ನಿಮ್ಮ ಕೆಲಸ ಎಷ್ಟು ಹೊತ್ತು ನಡೆಯುತ್ತದೆ?" ಅದನ್ನು ಮೊದಲು ಕೇಳಿದ್ದು ಆ ದಿನವೇ, ಮೂರನೇ ನಂಬರಿನ ಶೆಡ್ಡಿನಲ್ಲಿ.

ಜೈಬುನ್ ಆಪಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇದನ್ನ ಮೊದಲ ದಿನವೇ ಕೇಳಿದ್ರೆ ಇಷ್ಟೆಲ್ಲ ಬಿಸಿಲು ತಪ್ತಿತ್ತಲ್ಲ ಮಾರಾಯ್ತಿ," ಎಂದು ನನಗೆ ಕೂರಲು ಒಂದು ಲಾರಿ ಸೀಟು ಎಳೆದು ಹಾಕಿದರು.