ನೆಂಟರಿಗೆಂದು ತಂದ ನೀರು

ಗಣಪಣ್ಣ ಮೂವತ್ತೊಂದು ವರ್ಷ ಬೀರಿನ ಕಾರ್ಖಾನೆಯಲ್ಲಿ ದುಡಿದ, ಒಂದು ಹನಿ ಬೀರು ಕುಡಿಯಲಿಲ್ಲ. ಇದನ್ನು ನಂಬದವರು ಹೊನ್ನಾವರದಲ್ಲಿ ಈಗಲೂ ಇದ್ದಾರೆ. ಅವರೆಲ್ಲ ಆ ಜಾಗದಲ್ಲಿ ತಾವಿದ್ದಿದ್ದರೆ ಎಷ್ಟು ಕುಡಿಯುತ್ತಿದ್ದೆವೆಂದು ಯೋಚಿಸಿ ಮಾತಾಡುವವರು. ನಾನು ಅದೇ ಕಾರ್ಖಾನೆಯ ಆಫೀಸಿನಲ್ಲಿ ಹತ್ತೊಂಬತ್ತು ವರ್ಷ ಗುಮಾಸ್ತನಾಗಿದ್ದೆ. ಕುಮಟೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ನಾನು ಕುಡಿಯುತ್ತಿದ್ದೆ. ಅವನು ಯಾವತ್ತೂ ಜೊತೆಗೆ ಕೂರಲಿಲ್ಲ ಎನ್ನುವುದಕ್ಕೆ ನಾನೇ ಸಾಕ್ಷಿ.

ಕಾರ್ಖಾನೆ ಇದ್ದದ್ದು ಪೇಟೆಯಿಂದ ತುಸು ಮೇಲಕ್ಕೆ, ಶರಾವತಿಯ ದಡದಲ್ಲಿ. ಹೊಳೆಯಿಂದ ನೀರೆತ್ತುವ ಪಂಪು ಗಣಪಣ್ಣನ ಉಸ್ತುವಾರಿ. ಕೇಳುವುದಕ್ಕೆ ಸುಲಭದ ಕೆಲಸ. ಆದರೆ ಮಳೆಗಾಲ ಮುಗಿದು ಹೊಳೆ ತಗ್ಗಿದ ಮೇಲೆ, ಉಬ್ಬರದ ಹೊತ್ತಿಗೆ ಸಮುದ್ರದ ನೀರು ಹೊಳೆಯೊಳಗೆ ಮೈಲುಗಟ್ಟಲೆ ಏರಿ ಬರುತ್ತದೆ. ಇಳಿತದಲ್ಲಿ ಪಂಪು ಹಾಕಬೇಕು, ಉಬ್ಬರ ತಿರುಗಿದ ಕೂಡಲೇ ನಿಲ್ಲಿಸಬೇಕು. ಲ್ಯಾಬಿನವರು ಅವನಿಗೆಂದು ಉಬ್ಬರ ಇಳಿತದ ಪಟ್ಟಿಯೊಂದನ್ನು ಗೋಡೆಗೆ ತೂಗುಹಾಕಿದ್ದರು. ಅದೇ ಮೊಳೆಗೆ ಅವನು ಅಂಗಿ ಸಿಕ್ಕಿಸುತ್ತಿದ್ದ. ಅವನ ಪಟ್ಟಿ ನಾಲಿಗೆಯ ಮೇಲಿತ್ತು. ಆಗಾಗ ಬೊಗಸೆಯಲ್ಲಿ ನೀರು ಹಿಡಿದು, ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳುವುದು. ಉಪ್ಪಿನ ಸುಳಿವು ಸಿಕ್ಕಿತೋ, ಪಂಪು ಬಂದ್. ನಾಲಿಗೆ ಕೆಡಬಾರದೆಂದು ಡ್ಯೂಟಿಯಲ್ಲಿ ಎಲೆಅಡಿಕೆಯ ಕವಳ ಸಹ ಹಾಕುತ್ತಿರಲಿಲ್ಲ. ಟಾಂಕಿ ತುಂಬದ ದಿನ ಮಾತ್ರ ಮನಸ್ಸಿಲ್ಲದ ಮನಸ್ಸಿನಿಂದ ಇನ್ನೂ ಐದು ನಿಮಿಷ ಓಡಿಸುತ್ತಿದ್ದ. ಬೇಸಿಗೆಯಲ್ಲಿ ಟಾಂಕಿ ತುಂಬದ ದಿನಗಳೇ ಹೆಚ್ಚು.

ನಮ್ಮ ಬೀರಿನ ಹೆಸರು ಸಾರಂಗ. ಕುಮಟೆಯಿಂದ ಮುರ್ಡೇಶ್ವರದವರೆಗೆ ಹುರಿದ ಬಂಗಡೆಯ ಜೊತೆ ಸಾರಂಗವೇ ಆಗಬೇಕಿತ್ತು. ಬೇರೆ ಬೀರು ಕೊಟ್ಟರೆ ಜನ ಸಪ್ಪೆ ಎನ್ನುತ್ತಿದ್ದರು. ಮಳೆಗಾಲದಲ್ಲಿ ತಯಾರಾದ ಸಾರಂಗವೂ ಸಪ್ಪೆ ಎಂದು ಗೊಣಗುವವರಿದ್ದರು. ಮಳೆಗಾಲದ ಹೊಳೆಯಲ್ಲಿ ಉಪ್ಪಿರುವುದಿಲ್ಲ ಎಂಬುದು ಅವರಿಗೂ ತೋಚಲಿಲ್ಲ, ಬುದ್ಧಿವಂತನೆಂದು ಬೀಗುತ್ತಿದ್ದ ನನಗೂ ತೋಚಲಿಲ್ಲ.

ಕಾರ್ಖಾನೆ ನಮ್ಮ ದೇಶದ್ದೇ ಒಂದು ದೊಡ್ಡ ಕಂಪನಿಯದಾಗಿತ್ತು. ಐದು ವರ್ಷದ ಹಿಂದೆ ಸಮುದ್ರದಾಚೆಯ ಕಂಪನಿಯೊಂದು ಅದನ್ನು ಇಡಿಯಾಗಿ ಕೊಂಡುಕೊಂಡಿತು. ನಮಗೆ ತಿಳಿದದ್ದು ಪೇಪರು ಓದಿ. ನಮ್ಮ ಕತೆ ಏನು ಎಂದು ಮುಂಬಯಿ ಆಫೀಸಿಗೆ ಫೋನು ಮಾಡಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಸದ್ಯಕ್ಕೆ ಎಲ್ಲ ಹಾಗೆಯೇ ಇರುತ್ತದಂತೆ. ಆರು ತಿಂಗಳಾಗುವುದರೊಳಗೆ ಕಾಗದ ಬಂತು. ಅವರ ಕೈಗೆ ಈಗ ಒಂಬತ್ತು ಊರಿನ ಒಂಬತ್ತು ಬೀರುಗಳು ಸಿಕ್ಕಿವೆ, ತನ್ನದೇ ರುಚಿ ಇರುವುದನ್ನು ಉಳಿಸುತ್ತಾರೆ, ಉಳಿದ ಕಾರ್ಖಾನೆಗಳನ್ನು ಮುಚ್ಚುತ್ತಾರೆ. ರುಚಿ ನೋಡಲು ಏಪ್ರಿಲಿನಲ್ಲಿ ಮೂವರು ಬರುತ್ತಾರೆ. ಅವರಿಗೆಂದೇ ಸಣ್ಣ ಹಂಡೆಯಲ್ಲಿ ಬೀರು ಮಾಡಿ ಸೀಲು ಹಾಕಿಡಬೇಕು, ಸೀಲನ್ನು ಅವರೆದುರೇ ಒಡೆಯಬೇಕು.

ಬೀರು ತಯಾರಿಯ ಮುಖ್ಯಸ್ಥರಾಗಿದ್ದ ವಿಶ್ವನಾಥ ಸಾಹೇಬರಿಗೆ ಒಂದಿಷ್ಟೂ ಹೆದರಿಕೆ ಇರಲಿಲ್ಲ. "ಒಂಬತ್ತರಲ್ಲಿ ಒಂದು ಉಳಿದರೂ ಅದು ನಮ್ಮದೇ" ಎಂದರು. ನೂರನಲವತ್ತು ಜನರ ಅನ್ನ ಆ ಒಂದು ಮಾತಿನ ಮೇಲೆ ನಿಂತಿತ್ತು. ಸಾಹೇಬರು ಪಂಪಿನ ಮನೆಗೂ ಹೋಗಿ ಗಣಪಣ್ಣನಿಗೆ ಹೇಳಿದರು: "ಸಣ್ಣ ಟಾಂಕಿ ನೀವೇ ತುಂಬಿಸಿ. ವಿಶೇಷ ಎಂಥದ್ದೂ ಬೇಡ, ಯಾವತ್ತಿನ ಹಾಗೇ ಇರಲಿ."

ಸಾಹೇಬರು ಘಟ್ಟದ ಮೇಲಿನವರು. ನಮ್ಮ ಕಡೆ ಮನೆಯ ಯಜಮಾನ ನೆಂಟರ ಮುಂದೆ ವಿಶೇಷ ಬೇಡ ಎಂದರೆ ಕೋಳಿ ಹಿಡಿಯಬೇಕೆಂದು ಅರ್ಥ. ಮತ್ತೊಂದು ವಿಷಯವೂ ಅವರಿಗೆ ಗೊತ್ತಿರಲಿಲ್ಲ. ಹೊಳೆಬದಿಯ ಊರುಗಳಲ್ಲಿ ಬೇಸಿಗೆಗೆ ಬಾವಿಗಳು ಉಪ್ಪಾಗುತ್ತವೆ. ಮನೆಯವರು ಅದನ್ನೇ ಕುಡಿದುಕೊಂಡಿರುತ್ತಾರೆ. ಆದರೆ ನೆಂಟರ ಕೈಗೆ ಬೆಲ್ಲದ ಜೊತೆ ಕೊಡುವ ಚೊಂಬಿನಲ್ಲಿ ಗುಡ್ಡದ ಬಾವಿಯ ಸಿಹಿನೀರೇ ಇರಬೇಕು. ಅದನ್ನು ತರಲು ಹೆಂಗಸರು ಅರ್ಧ ಮೈಲು ಹತ್ತುತ್ತಾರೆ. ಬಂದವರಿಗೆ ಉಪ್ಪುನೀರು ಕೊಟ್ಟ ಮನೆ ಎಂದು ಹೆಸರು ಬಿದ್ದರೆ ಹೆಣ್ಣು ಕೊಡುವವರೂ ಹಿಂದೆ ಮುಂದೆ ನೋಡುತ್ತಾರೆ.

ಮಾರ್ಚ್ ತಿಂಗಳ ಒಂದು ಭಾನುವಾರ, ಲ್ಯಾಬಿಗೆ ರಜೆ ಇದ್ದ ದಿನ, ಗಣಪಣ್ಣ ಪಂಪು ಹಾಕಲೇ ಇಲ್ಲ. ಅವನ ಸೋದರಳಿಯ ಉಮೇಶ ಬೇಸಿಗೆಯಲ್ಲಿ ಊರೂರಿಗೆ ಟ್ಯಾಂಕರಿನಲ್ಲಿ ಕುಡಿಯುವ ನೀರು ಕೊಡುವವನು. ಅವನಿಂದ, ಸಮುದ್ರದ ಉಪ್ಪು ತಲುಪದ ಗೇರಸೊಪ್ಪ ಕಡೆಯ ಸಿಹಿನೀರು ಎರಡು ಟ್ಯಾಂಕರು ತರಿಸಿ ಸಣ್ಣ ಟಾಂಕಿ ತುಂಬಿಸಿದ. ಯಾರಿಗೂ ಹೇಳಲಿಲ್ಲ. ನೆಂಟರಿಗೆ ಮಾಡಿದ್ದನ್ನು ಡಂಗುರ ಹೊಡೆಯಬಾರದು ಎಂಬುದೂ ನಮ್ಮ ಕಡೆಯದೇ ಪದ್ಧತಿ.

ಆ ಮೂವರು ರುಚಿ ನೋಡಿದ ದಿನ ನಾನು ಕಾಗದಪತ್ರ ಹಿಡಿದು ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಸೀಲು ಒಡೆದರು. ಮೂವರೂ ಗುಟುಕರಿಸಿದರು, ಉಗುಳಿದರು, ಬರೆದುಕೊಂಡರು. ತಮ್ಮ ಲೋಟಕ್ಕೆ ತುಟಿ ಇಟ್ಟ ಸಾಹೇಬರ ಮುಖ ಬಿಳುಚಿಕೊಂಡಿತು. ಎದ್ದು ಹೋಗಿ, ಪೇಟೆಗೆ ಹೊರಟಿದ್ದ ಬಾಟಲಿಯೊಂದನ್ನು ತಂದು ಅವರ ಮುಂದಿಟ್ಟು, ಇದನ್ನೊಂದು ನೋಡಿ ಎಂದರು. ನಿಯಮದಲ್ಲಿ ಇಲ್ಲ ಎಂದು ಅವರು ನಯವಾಗಿ ಬದಿಗೆ ಸರಿಸಿದರು. ಬಂದವರಲ್ಲಿ ಹಿರಿಯಳಾದ ಹೆಂಗಸು ನಗುತ್ತ, "ಬಹಳ ಶುದ್ಧವಾಗಿದೆ. ಥೇಟು ನಮ್ಮ ಬೀರಿನ ಹಾಗೇ ಇದೆ" ಎಂದಳು. ಅಷ್ಟು ದೊಡ್ಡ ಬೈಗುಳವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ.

ಸಾಹೇಬರು ನೇರ ಪಂಪಿನ ಮನೆಗೆ ನಡೆದರು. ನಾನೂ ಹಿಂದೆಯೇ ಓಡಿದೆ. ಗಣಪಣ್ಣ ಒಗೆದ ಅಂಗಿ ತೊಟ್ಟು ಕಾಯುತ್ತಿದ್ದ.

"ಹ್ಯಾಂಗಾತು ಸಾಹೇಬ್ರೇ? ಹೊಳೆ ನೀರು ಒಂದ್ ಹನಿ ಮುಟ್ಸ್ಲಿಲ್ಲ. ಗೇರಸೊಪ್ಪ ಬದಿಯಿಂದ ಉಮೇಶನ ಹತ್ರ ತರ್ಸಿದ್ದೆ. ಅಷ್ಟು ದೂರದಿಂದ ಬಂದ ನೆಂಟ್ರು, ಅವ್ರಿಗೆ ಮತ್ತೆಂತ ಕೊಡೂದು?"

ಸಾಹೇಬರು ಅವನ ಒಗೆದ ಅಂಗಿಯನ್ನೊಮ್ಮೆ ನೋಡಿದರು. "ಒಳ್ಳೇದು ಮಾಡಿದ್ರಿ ಗಣಪಣ್ಣ" ಎಂದು ಹೊರಟುಬಿಟ್ಟರು.

ಜೂನಿನಲ್ಲಿ ಕಾರ್ಖಾನೆ ಮುಚ್ಚಿತು. ಸಾಹೇಬರನ್ನು ರೈಲು ಹತ್ತಿಸಲು ಹೊನ್ನಾವರ ಸ್ಟೇಷನ್ನಿಗೆ ಹೋದವನು ನಾನೊಬ್ಬನೇ. ಅಲ್ಲಿ ಅವರು ಬಾಯಿಬಿಟ್ಟರು. ನೀರಿಗೆ ಸೇರುತ್ತಿದ್ದ ಆ ಚೂರು ಉಪ್ಪೇ ಸಾರಂಗದ ರುಚಿಯಾಗಿತ್ತು. ಹಳೆಯ ಕಂಪನಿಯ ನಿಯಮದಲ್ಲಿ ಉಪ್ಪು ಎಂದರೆ ದೋಷ, ಆದ್ದರಿಂದ ಅವರು ಇದನ್ನು ಎಲ್ಲೂ ಬರೆದಿಡಲಿಲ್ಲ, ಯಾರಿಗೂ ಹೇಳಲಿಲ್ಲ. "ಗಣಪಣ್ಣನಿಗೆ ಮಾತ್ರ ತಿಳಿಯೋದು ಬೇಡ" ಎಂದು ನನ್ನಿಂದ ಮಾತು ತೆಗೆದುಕೊಂಡರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು.

ಸಾರಂಗ ಈಗಲೂ ಅಂಗಡಿಯಲ್ಲಿ ಸಿಗುತ್ತದೆ. ಹೆಸರು ಅದೇ, ಚಿತ್ರವೂ ಅದೇ. ಎಲ್ಲೋ ದೂರದಲ್ಲಿ ತಯಾರಾಗಿ ಲಾರಿಯಲ್ಲಿ ಬರುತ್ತದೆ. ಕುಡಿದರೆ ಬಾಯಿಗೆ ಏನೂ ಹತ್ತುವುದಿಲ್ಲ. ನಮ್ಮವರು ಎರಡು ದಿನ ಬೈದರು, ಮೂರನೆಯ ದಿನದಿಂದ ಅದನ್ನೇ ಕುಡಿದರು. ನನಗೆ ನಮ್ಮವರ ಮೇಲೂ ಸಿಟ್ಟಿದೆ.

ಗಣಪಣ್ಣ ಮುರ್ಡೇಶ್ವರದ ಲಾಡ್ಜೊಂದರಲ್ಲಿ ವಾಚ್‌ಮನ್ ಆದ. ಬಂದ ಪ್ರವಾಸಿಗರಿಗೆಲ್ಲ ಅವನು ಹೇಳುತ್ತಿದ್ದದ್ದು ಒಂದೇ ಕತೆ. ಫಾರಿನ್‌ನವರು ಬಂದದ್ದು, ತಾನು ಸಿಹಿನೀರು ತರಿಸಿದ್ದು, ಬಹಳ ಶುದ್ಧವಾಗಿದೆ ಎಂದು ಅವರೇ ಬಾಯಿಬಿಟ್ಟು ಹೊಗಳಿದ್ದು. ನಮ್ಮ ಕಡೆಯಿಂದ ಒಂದು ಕೊರತೆಯೂ ಆಗಲಿಲ್ಲ, ಅವರ ಋಣ ಅಷ್ಟೇ ಇತ್ತು ಎಂದು ಮುಗಿಸುತ್ತಿದ್ದ.

ನಾನು ಹೊನ್ನಾವರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟೆ. ಅದು ನಡೆಯಲಿಲ್ಲ. ಹೋದ ಮೇ ತಿಂಗಳಲ್ಲಿ, ಅಂಗಡಿಗೆ ಬೀಗ ಹಾಕಿದ ದಿನವೇ, ಗಣಪಣ್ಣನ ಮನೆಗೆ ಹೋದೆ. ಜಗಲಿಯಲ್ಲಿ ಅವನ ಹೆಂಡತಿ ತಿಮ್ಮಕ್ಕ ಮೀನು ಹೆಚ್ಚುತ್ತಿದ್ದಳು. ಅವನು ಮತ್ತೆ ಅದೇ ಕತೆ ತೆಗೆದ. ಶುದ್ಧ ಎಂಬ ಮಾತು ಅವನ ಬಾಯಿಂದ ಬಿದ್ದದ್ದೇ ತಡ, ನನ್ನ ತಾಳ್ಮೆ ಹರಿಯಿತು.

"ಸಾಕು ಮಾಡು ಗಣಪಣ್ಣ! ನಿನ್ನ ಆ ಸಿಹಿನೀರಿಂದ್ಲೇ ಕಾರ್ಖಾನೆ ಹೋದದ್ದು. ಸಾರಂಗದ ರುಚಿ ಅಂದ್ರೆ ಉಪ್ಪೇ ಆಗಿತ್ತು. ಸಾಹೇಬ್ರೇ ಹೇಳಿದ್ದು."

ಮಾತು ಆಡಿದರೆ ಹೋಯಿತು. ತಿಮ್ಮಕ್ಕನ ಕತ್ತಿ ನಿಂತಿತು. ಗಣಪಣ್ಣ ಎದ್ದು ಒಳಗೆ ಹೋಗಿ, ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲವೊಂದನ್ನು ತಂದು ನನ್ನ ತೊಡೆಯ ಮೇಲಿಟ್ಟ. ಅದರ ತುಂಬ ಕಂಪನಿ ಅವನಿಗೆ ಕೊಟ್ಟ ಕಾಗದಗಳು.

"ಎಂತ ಬರ್ದದೆ ಓದು ತಮಾ."

ಅವುಗಳನ್ನು ನಾನು ಓದಬೇಕಾಗಿಯೇ ಇರಲಿಲ್ಲ. 'ನೀರಿನಲ್ಲಿ ಉಪ್ಪಿನ ಅಂಶ ಕಂಡುಬಂದಿದೆ. ಇದು ನಿಮ್ಮ ಬೇಜವಾಬ್ದಾರಿ. ಮರುಕಳಿಸಿದರೆ ಕ್ರಮ ಜರುಗಿಸಲಾಗುವುದು.' ಆಡಿಟಿನವರು ಕೇಳಿದರೆ ತೋರಿಸಲು ಕಡತದಲ್ಲೊಂದು ಇರಲಿ ಎಂದು ಬೇಸಿಗೆ ಬಂದಾಗಲೆಲ್ಲ ಸಾಹೇಬರು ಹೇಳಿ ಬರೆಸುತ್ತಿದ್ದ ನೋಟೀಸು ಅದು. ಟೈಪು ಮಾಡಿ, ಪಂಪಿನ ಮನೆಗೆ ಹೋಗಿ ಅವನ ಕೈಗೆ ಕೊಡುತ್ತಿದ್ದವನು ನಾನು. ಸಾಹೇಬರು ನಮ್ಮಲ್ಲಿದ್ದ ಹನ್ನೊಂದು ಬೇಸಿಗೆಗೆ ಹನ್ನೊಂದು ಇದ್ದವು, ಒಂದನ್ನೂ ಅವನು ಹರಿದುಹಾಕಿರಲಿಲ್ಲ.

"ಉಪ್ಪು ಬ್ಯಾಡ, ಉಪ್ಪು ಬ್ಯಾಡ ಅಂತ ಇಷ್ಟು ಸಲ ಬರ್ದ್ರಿ" ಎಂದ ಗಣಪಣ್ಣ. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಲೆಂದು ಕೇಳುತ್ತಿದ್ದ. "ಬೇಕು ಅಂತ ಒಂದ್ ಸಲನಾದ್ರೂ ಯಾರಾದ್ರೂ ಹೇಳಿದ್ರಾ?"

ನಾನು ಕೊನೆಯ ನೋಟೀಸನ್ನು ಹೊರತೆಗೆದೆ. ಅದರ ತಾರೀಖು, ಅವನು ಟ್ಯಾಂಕರು ತರಿಸಿದ ಭಾನುವಾರಕ್ಕೆ ಒಂಬತ್ತು ದಿನ ಮೊದಲಿನದು. ಕೆಳಗೆ ಸಾಹೇಬರ ಸಹಿ, ಅದರ ಪಕ್ಕದಲ್ಲಿ ನನ್ನದು.